ಫ್ಯಾಂಟಸಿ ಪ್ರೀಮಿಯರ್ ಲೀಗ್: ಕಾಸು ಕಟ್ಟದೆ ಜಿದ್ದು ತೀರಿಸಿಕೊಳ್ಳುವ ಆಟ

ಒಂದೇ ಮಾತಲ್ಲಿ ಬೇಕು ಅನ್ನುವವರಿಗೆ ಮೊದಲೇ ಹೇಳ್ತೀನಿ. ಫುಟ್‌ಬಾಲ್ ನೋಡ್ತೀರಾ, ಮ್ಯಾಚಿನ ಮೇಲೆ ಏನಾದರೂ ಇಟ್ಟರೇನೇ ಮಜಾ ಅನ್ನುವ ಜಾಯಮಾನ ನಿಮ್ಮದಾ, ಹಾಗಾದರೆ ಫ್ಯಾಂಟಸಿ ಪ್ರೀಮಿಯರ್ ಲೀಗ್ ಆಡಿ. ಪುಕ್ಕಟೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನವರೇ ನಡೆಸುತ್ತಾರೆ. ಆಡುವವರ ಬಾಯಲ್ಲಿ ಇದು ಎಫ್‌ಪಿಎಲ್. ಪ್ರಪಂಚದಲ್ಲಿ ಒಂದು ಕೋಟಿಗೂ ಜಾಸ್ತಿ ಜನ ಆಡುತ್ತಾರೆ, ಅದರೊಳಗೆ ದಾವಣಗೆರೆ ವಿದ್ಯಾನಗರದ ನಮ್ಮದೊಂದು ಗುಂಪೂ ಇದೆ. ನಾನು ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ.

ಆಟ ಹೀಗಿದೆ. ನಿಮ್ಮ ಕೈಗೆ 100 ಮಿಲಿಯನ್ ಪೌಂಡ್ ಸುಳ್ಳು ದುಡ್ಡು ಕೊಡುತ್ತಾರೆ. ಅದರಲ್ಲಿ 15 ಆಟಗಾರರನ್ನು ಕೊಳ್ಳಬೇಕು. 2 ಗೋಲ್‌ಕೀಪರ್, 5 ಡಿಫೆಂಡರ್, 5 ಮಿಡ್‌ಫೀಲ್ಡರ್, 3 ಫಾರ್ವರ್ಡ್. ಒಂದು ಕ್ಲಬ್ಬಿನಿಂದ ಮೂರು ಜನಕ್ಕಿಂತ ಜಾಸ್ತಿ ತಗೊಳ್ಳೋ ಹಾಗಿಲ್ಲ. ವಾರ ವಾರ 11 ಜನರನ್ನು ಇಳಿಸಬೇಕು, ಒಬ್ಬನನ್ನು ಕ್ಯಾಪ್ಟನ್ ಮಾಡಬೇಕು, ಅವನ ಪಾಯಿಂಟ್ ಡಬಲ್. ಅವರು ನಿಜವಾದ ಮ್ಯಾಚಿನಲ್ಲಿ ಏನು ಮಾಡುತ್ತಾರೋ ಅದಕ್ಕೆ ತಕ್ಕ ಪಾಯಿಂಟ್ ನಿಮ್ಮ ಖಾತೆಗೆ. ಫಾರ್ವರ್ಡ್ ಗೋಲ್ ಹೊಡೆದರೆ 4, ಮಿಡ್‌ಫೀಲ್ಡರ್ ಹೊಡೆದರೆ 5, ಡಿಫೆಂಡರ್ ಹೊಡೆದರೆ 6. ಗೋಲಿಗೆ ಪಾಸ್ ಕೊಟ್ಟವನಿಗೆ 3. ಗೋಲೇ ಬಿಟ್ಟುಕೊಡದಿದ್ದರೆ ಕೀಪರ್‌ಗೂ ಡಿಫೆಂಡರ್‌ಗೂ 4.

ಇಷ್ಟು ಕೇಳಿದರೆ ಅಂಗಡಿ ಲೆಕ್ಕ ಅನ್ನಿಸುತ್ತೆ ಅಲ್ವಾ? ಮಜಾ ಇರುವುದು ಕಾಸು ಹೊಂದಿಸುವುದರಲ್ಲಿ. 2025-26ರ ಸೀಸನ್ ಶುರುವಾದಾಗ ಲಿವರ್‌ಪೂಲ್‌ನ ಸಲಾ ಬೆಲೆ 14.5 ಮಿಲಿಯನ್, ಮ್ಯಾಂಚೆಸ್ಟರ್ ಸಿಟಿಯ ಹಾಲಂಡ್ ಬೆಲೆ 14. ಇಬ್ಬರನ್ನೂ ತಗೊಂಡರೆ 28.5 ಅಲ್ಲೇ ಹೋಯಿತು. ಮಿಕ್ಕ 71.5ರಲ್ಲಿ 13 ಜನ ಬರಬೇಕು. ಕಲ್ಯಾಣ ಮಂಟಪಕ್ಕೇ ಎಲ್ಲಾ ಸುರಿದು ಊಟದ ಎಲೆಗೆ ಕಾಸಿಲ್ಲದೆ ಒದ್ದಾಡುವ ಮದುವೆ ಮನೆ ಆಗುತ್ತೆ. 4 ಮಿಲಿಯನ್‌ಗೆ ಸಿಗುವ ಡಿಫೆಂಡರ್ ಯಾರು, ಅವನು ವಾರ ವಾರ ಆಡ್ತಾನಾ ಇಲ್ಲವಾ ಅಂತ ರಾತ್ರಿ ಹೊತ್ತು ಹುಡುಕುತ್ತಾ ಕೂರುತ್ತೀರಿ. ಬರ್ನ್ಲಿ ಅನ್ನುವ ಊರು ಎಲ್ಲಿದೆ ಅಂತ ಗೊತ್ತಿಲ್ಲದವರಿಗೂ ಅವರ ಎರಡನೇ ಗೋಲ್‌ಕೀಪರ್ ಹೆಸರು ಗೊತ್ತಿರುತ್ತೆ.

ಸ್ಟಾರ್ ಆಟಗಾರರ ವಿಷಯದಲ್ಲಿ ಈ ಆಟ ಬಹಳ ನಿಷ್ಠುರ. 2024-25ರಲ್ಲಿ ಸಲಾ 29 ಗೋಲ್ ಹೊಡೆದ, 18 ಗೋಲಿಗೆ ಪಾಸ್ ಕೊಟ್ಟ, ಎಫ್‌ಪಿಎಲ್‌ನಲ್ಲಿ 344 ಪಾಯಿಂಟ್ ತಂದುಕೊಟ್ಟ. ಅದು ದಾಖಲೆ. ಮುಂದಿನ ವರ್ಷ ಅದನ್ನೇ ನಂಬಿ ಅಷ್ಟು ದುಡ್ಡು ಸುರಿದವರು ಡಿಸೆಂಬರ್ ಹೊತ್ತಿಗೆ ಅವನನ್ನು ಲಿವರ್‌ಪೂಲ್ ಬೆಂಚಿನ ಮೇಲೆ ನೋಡಿದರು. ಹೆಸರಿಗೆ ಇಲ್ಲಿ ಬೆಲೆ ಇದೆ, ಪಾಯಿಂಟ್ ಇಲ್ಲ.

2025-26ರಲ್ಲಿ ಒಂದು ಹೊಸ ನಿಯಮ ತಂದರು, ಅದು ನನಗೆ ತುಂಬಾ ಹಿಡಿಸಿತು. ಡಿಫೆಂಡರ್ ಒಬ್ಬ ಒಂದು ಮ್ಯಾಚಿನಲ್ಲಿ ಚೆಂಡು ಹೊರಗಟ್ಟುವುದು, ತಡೆಯುವುದು, ಮಧ್ಯದಲ್ಲಿ ಕಸಿಯುವುದು, ಟ್ಯಾಕಲ್ ಮಾಡುವುದು ಎಲ್ಲಾ ಸೇರಿ 10 ಸಲ ಮಾಡಿದರೆ 2 ಪಾಯಿಂಟ್ ಜಾಸ್ತಿ. ಹೀಗಾಗಿ ಎವರ್ಟನ್‌ನ ಟಾರ್ಕೋವ್ಸ್ಕಿಯಂಥ, ಪೋಸ್ಟರ್‌ನಲ್ಲಿ ಯಾರೂ ಅಂಟಿಸಿಕೊಳ್ಳದ ಆಟಗಾರನಿಗೂ ಕಿಮ್ಮತ್ತು ಬಂತು. ಮೊದಲು ಗೋಲ್ ಬಿದ್ದಾಗ ಮಾತ್ರ ಮೊಬೈಲಿಂದ ತಲೆ ಎತ್ತುತ್ತಿದ್ದ ನಮ್ಮ ಗುಂಪು ಈಗ ಡಿಫೆಂಡರ್ ತಲೆ ಕೊಟ್ಟು ಚೆಂಡು ಹೊರಗೆ ಹಾಕಿದರೂ 'ಏಳಾಯ್ತು, ಎಂಟಾಯ್ತು' ಅಂತ ಎಣಿಸುತ್ತೆ.

ನಮ್ಮ ಗುಂಪಿನಲ್ಲಿ ಮೇಲಿರುವುದು ಅತ್ತಿಗೆ. ಈ ಆಟಕ್ಕೆ ಸೇರುವ ತನಕ ಅವರು ಒಂದು ಮ್ಯಾಚನ್ನೂ ಪೂರ್ತಿ ನೋಡಿದವರಲ್ಲ. ಅಣ್ಣ ಹದಿನೈದು ವರ್ಷದಿಂದ ಮ್ಯಾಂಚೆಸ್ಟರ್ ಯುನೈಟೆಡ್ ಅಂತ ಎದೆ ಬಡಿದುಕೊಳ್ಳುವವನು, ಪಟ್ಟಿಯಲ್ಲಿ ಎಲ್ಲರಿಗಿಂತ ಕೆಳಗಿದ್ದಾನೆ. ಗುಟ್ಟು ಏನೂ ಇಲ್ಲ. ವಾರಕ್ಕೆ ಒಬ್ಬ ಆಟಗಾರನನ್ನು ಪುಕ್ಕಟೆ ಬದಲಾಯಿಸಬಹುದು, ಬದಲಾಯಿಸದೆ ಉಳಿಸಿದರೆ 5ರ ತನಕ ಕೂಡಿಟ್ಟುಕೊಳ್ಳಬಹುದು, ಅದಕ್ಕಿಂತ ಜಾಸ್ತಿ ಬೇಕು ಅಂದರೆ ತಲೆಗೆ 4 ಪಾಯಿಂಟ್ ಕಟ್. ಅಣ್ಣ ಭಾನುವಾರ ಸೋತರೆ ಸೋಮವಾರ ಬೆಳಗ್ಗೆ ಕಾಫಿ ಕುಡಿಯುವ ಮುಂಚೆ ಮೂವರನ್ನು ಕಿತ್ತು ಹಾಕಿ ಹೊಸಬರನ್ನು ತರುತ್ತಾನೆ.

"ರೀ, ಇನ್ನೂ ಐದು ದಿನ ಇದೆ. ಯಾರ ಕಾಲು ಉಳುಕುತ್ತೋ ಏನೋ, ಸುಮ್ನೆ ಇರಿ" ಅಂತ ಅತ್ತಿಗೆ ಅಡುಗೆ ಮನೆಯಿಂದಲೇ ಹೇಳುತ್ತಾರೆ. ಅವನು ಕೇಳಲ್ಲ. ಗುರುವಾರದ ಹೊತ್ತಿಗೆ ಹೊಸದಾಗಿ ತಂದವನ ಹೆಸರಿನ ಪಕ್ಕ ಗಾಯದ ಹಳದಿ ಗುರುತು ಬಂದಿರುತ್ತೆ. ಅತ್ತಿಗೆ ಶುಕ್ರವಾರ ಸಂಜೆ ಮಾತ್ರ ಆ್ಯಪ್ ತೆಗೆಯುತ್ತಾರೆ, ಹಳದಿ ಕೆಂಪು ಗುರುತು ನೋಡುತ್ತಾರೆ, ಬೇಕಾದರೆ ಒಬ್ಬನನ್ನು ಬದಲಾಯಿಸುತ್ತಾರೆ, ಮುಗೀತು.

ಕ್ಯಾಪ್ಟನ್ ಆರಿಸುವುದರಲ್ಲಿ ಇರುವ ಎದೆಬಡಿತ ಬೆಟ್ಟಿಂಗ್‌ನವರಿಗೆ ಚೆನ್ನಾಗಿ ಗೊತ್ತಿರುವಂಥದ್ದೇ. ಮಂಡಿಪೇಟೆಯಲ್ಲಿ ಅಂಗಡಿ ಇರುವ ನಮ್ಮ ಗೆಳೆಯನೊಬ್ಬನ ಕಥೆ ಕೇಳಿ. ಅವನ ಕ್ಯಾಪ್ಟನ್ ಆ ದಿನ ಬೆಂಚಿನಲ್ಲಿದ್ದ. ಕ್ಯಾಪ್ಟನ್ ಒಂದು ನಿಮಿಷವೂ ಆಡದಿದ್ದರೆ ಡಬಲ್ ಪಾಯಿಂಟ್ ವೈಸ್ ಕ್ಯಾಪ್ಟನ್‌ಗೆ ಹೋಗುತ್ತೆ, ಮತ್ತು ಅವನ ವೈಸ್ ಕ್ಯಾಪ್ಟನ್ ಆಗಲೇ ಎರಡು ಗೋಲ್ ಹೊಡೆದು ಕೂತಿದ್ದ. ಹಾಗಾಗಿ ಇವನು ಟಿವಿ ಮುಂದೆ ಕೂತು ತಾನೇ ಆರಿಸಿದ ಆಟಗಾರನಿಗೆ 'ಇಳೀಬೇಡ ಮಾರಾಯಾ, ಇಳೀಬೇಡ' ಅಂತ ಕೈ ಮುಗಿಯುತ್ತಿದ್ದಾನೆ. 88ನೇ ನಿಮಿಷಕ್ಕೆ ಇಳಿಸಿದರು. ಆಡಿದ ಲೆಕ್ಕಕ್ಕೆ 1 ಪಾಯಿಂಟ್, ಡಬಲ್ ಮಾಡಿದರೆ 2. ವೈಸ್ ಕ್ಯಾಪ್ಟನ್‌ನ ಡಬಲ್ ಹಾಗೇ ಆವಿಯಾಯಿತು. ಎರಡು ದಿನ ಅವನ ಜೊತೆ ಯಾರೂ ಮಾತಾಡುವ ಹಾಗಿರಲಿಲ್ಲ. ಆದರೆ ಜೇಬಿನಿಂದ ನಯಾಪೈಸೆ ಹೋಗಿರಲಿಲ್ಲ, ಅದನ್ನು ನೋಡಿ.

ಇದೇ ಗೆಳೆಯನ ಹಿಂದಿನ ಅವತಾರ ಬೇರೆ ಇತ್ತು. ಓಸಿ, ಐಪಿಎಲ್ ಬೆಟ್ಟಿಂಗ್ ಎಲ್ಲಾ ನೋಡಿಕೊಂಡೇ ಬೆಳೆದ ಊರು ನಮ್ಮದು, 'ಎಷ್ಟು ಕಟ್ಟಿದ್ದೀಯಾ' ಅನ್ನುವ ಪ್ರಶ್ನೆಗೆ ಯಾರೂ ಬೆಚ್ಚಿ ಬೀಳಲ್ಲ. 2022ರ ಕತಾರ್ ವಿಶ್ವಕಪ್ ಬಂದಾಗ ಯಾರೋ ವಾಟ್ಸ್ಆ್ಯಪ್‌ನಲ್ಲಿ ಇವನಿಗೆ ಆನ್‌ಲೈನಲ್ಲಿ ಬಾಜಿ ಕಟ್ಟುವ ಒಂದು ಐಡಿ ಕೊಟ್ಟರು. ಡಿಸೆಂಬರ್ 18ರ ಫೈನಲ್‌ಗೆ ಅರ್ಜೆಂಟೀನಾ ಗೆಲ್ಲುತ್ತೆ ಅಂತ ಕಟ್ಟಿದ. ರಾತ್ರಿ ಎಂಟೂವರೆಗೆ ಮ್ಯಾಚ್. ಮೆಸ್ಸಿ, ಡಿ ಮಾರಿಯಾ ಗೋಲ್ ಹೊಡೆದು 2-0. ಎಂಬಾಪೆ 80, 81ನೇ ನಿಮಿಷದಲ್ಲಿ ಎರಡು ಹೊಡೆದು 2-2. ಹೆಚ್ಚುವರಿ ಆಟದಲ್ಲಿ 3-3. ಪೆನಾಲ್ಟಿಯಲ್ಲಿ 4-2, ಕಪ್ ಅರ್ಜೆಂಟೀನಾಕ್ಕೆ. ಇವನು ಬೀದಿಗೆ ಬಂದು ಕುಣಿದ. ಒಳಗೆ ಬಂದು ಮೊಬೈಲ್ ನೋಡಿದರೆ ಖಾತೆ ಖಾಲಿ. ಏಜೆಂಟ್‌ಗೆ ಮೆಸೇಜ್ ಹಾಕಿದ, ಉತ್ತರ ಬಂತು: 'ರೂಲ್ಸ್ 90 ನಿಮಿಷಕ್ಕೆ ಬ್ರೋ, 2-2 ಡ್ರಾ.'

ಏಜೆಂಟ್ ಹೇಳಿದ್ದು ಸುಳ್ಳಲ್ಲ, ಅದೇ ಸಿಟ್ಟು ಬರಿಸುವ ವಿಷಯ. ಫುಟ್‌ಬಾಲ್ ಬೆಟ್ಟಿಂಗ್‌ನಲ್ಲಿ ಸಾಮಾನ್ಯವಾಗಿ ಗೆಲುವು, ಡ್ರಾ, ಸೋಲು ಅಂತ ಮೂರು ದರ ಇರುತ್ತೆ, ಅದು ನಿಗದಿತ 90 ನಿಮಿಷ ಮತ್ತು ಇಂಜುರಿ ಟೈಮಿಗೆ ಮಾತ್ರ. ಕಪ್ ಯಾರು ಎತ್ತುತ್ತಾರೆ ಅನ್ನುವುದು ಬೇರೆಯೇ ಬಾಜಿ. ಐಪಿಎಲ್ ನೋಡಿ ಬೆಳೆದ ನಮ್ಮ ಹುಡುಗರಿಗೆ ಡ್ರಾ ಅನ್ನುವುದೇ ತಲೆಗೆ ಹೋಗಲ್ಲ. ಪ್ರೀಮಿಯರ್ ಲೀಗ್‌ನಲ್ಲಿ ಹೆಚ್ಚು ಕಡಿಮೆ ನಾಲ್ಕರಲ್ಲಿ ಒಂದು ಮ್ಯಾಚ್ ಡ್ರಾ ಆಗುತ್ತೆ. ಗೆಳೆಯ ಬೆಟ್ಟಿಂಗ್ ಬಿಟ್ಟಿದ್ದು ಬುದ್ಧಿ ಬಂದು ಅಲ್ಲ, ಆ 90 ನಿಮಿಷದ ಮೇಲಿನ ಕೋಪಕ್ಕೆ. ಹೇಗೋ ಬಿಟ್ಟನಲ್ಲ.

ಬೆಟ್ಟಿಂಗ್ ಆ್ಯಪನ್ನೂ ಒಂದು ಸರಕು ಅಂತಲೇ ಇಟ್ಟುಕೊಂಡು ನೋಡೋಣ. ಒಂದು ಮ್ಯಾಚಿಗೆ ದರ ಹೀಗಿದೆ ಅಂದುಕೊಳ್ಳಿ: ಗೆಲುವಿಗೆ 1.80 (ಅಂದರೆ 1 ರೂಪಾಯಿ ಕಟ್ಟಿ ಗೆದ್ದರೆ ಕೈಗೆ 1.80), ಡ್ರಾಗೆ 3.60, ಸೋಲಿಗೆ 4.50. ಯಾವುದು ಬಂದರೂ 100 ರೂಪಾಯಿ ಕೈಗೆ ಬರಬೇಕು ಅಂತ ಮೂರರ ಮೇಲೂ ಕಟ್ಟಿದರೆ ಸುಮಾರು 55.50, 27.80, 22.20, ಒಟ್ಟು 105.50 ಕೊಡಬೇಕು. ಆ ಐದೂವರೆ ರೂಪಾಯಿ ಆಡಿಸುವವನದ್ದು, ಮ್ಯಾಚ್ ಶುರುವಾಗುವ ಮುಂಚೆಯೇ. ಇದು ಕಡಿಮೆ ಅನ್ನಿಸಿದರೆ ಐದು ಮ್ಯಾಚ್ ಸೇರಿಸಿ ಕಟ್ಟುವ ಬಾಜಿ ನೋಡಿ. ಐದರಲ್ಲೂ 1.80 ದರ, ಐದೂ ಹೊಂದಿದರೆ 100ಕ್ಕೆ 1,890 ಬರುತ್ತೆ. ಆಸೆ ಹುಟ್ಟುತ್ತೆ. ಆದರೆ ಆ ಕಮಿಷನ್ ಇಲ್ಲದೆ ನ್ಯಾಯವಾದ ದರ ಕೊಟ್ಟಿದ್ದರೆ ಬರಬೇಕಾಗಿದ್ದದ್ದು 2,470ರ ಮೇಲೆ. ಒಂದು ಮ್ಯಾಚಿನಲ್ಲಿ ನೂರಕ್ಕೆ ಐದು ರೂಪಾಯಿ ತಿನ್ನುವವನು ಐದು ಮ್ಯಾಚ್ ಸೇರಿದರೆ ಇಪ್ಪತ್ತಮೂರರ ಮೇಲೆ ತಿನ್ನುತ್ತಾನೆ. ಅದಕ್ಕೇ ಅಂಥ ಬಾಜಿಯನ್ನು ಬಣ್ಣ ಬಣ್ಣವಾಗಿ ಮೊದಲ ಪುಟದಲ್ಲೇ ತೋರಿಸುವುದು.

ಇನ್ನು ದೊಡ್ಡ ಟೀಮ್ ಗೆಲ್ಲೋದು ಗ್ಯಾರಂಟಿ ಅನ್ನುವ ಮಾತು. ಅದೇ 2022ರಲ್ಲಿ ಸತತ 36 ಪಂದ್ಯ ಸೋಲದೆ ಬಂದಿದ್ದ ಅರ್ಜೆಂಟೀನಾ ಸೌದಿ ಅರೇಬಿಯಾ ಕೈಲಿ 2-1ರಿಂದ ಸೋತಿತು. ಮಾರನೇ ದಿನ ಜಪಾನ್ ಕೈಲಿ ಜರ್ಮನಿ. ಆಮೇಲೆ ಕ್ಯಾಮರೂನ್ ಕೈಲಿ ಬ್ರೆಜಿಲ್, ಟ್ಯುನೀಶಿಯಾ ಕೈಲಿ ಫ್ರಾನ್ಸ್. ಆ ವಿಶ್ವಕಪ್‌ನ ಗುಂಪು ಹಂತದಲ್ಲಿ ಮೂರಕ್ಕೆ ಮೂರೂ ಗೆದ್ದ ತಂಡ ಒಂದೂ ಇರಲಿಲ್ಲ. ಒಳಗಿನ ವಿಷಯ ಗೊತ್ತಿರುವ ಆಟಗಾರರಿಗೇ ಕಟ್ಟುವ ಹಾಗಿಲ್ಲ, ಕಟ್ಟಿ ಸಿಕ್ಕಿಬಿದ್ದ ಇವಾನ್ ಟೋನಿಗೆ 2023ರಲ್ಲಿ 8 ತಿಂಗಳು, ಸಾಂಡ್ರೊ ಟೊನಾಲಿಗೆ 10 ತಿಂಗಳು ನಿಷೇಧ ಬಿತ್ತು.

ನಮ್ಮಲ್ಲಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಕಾನೂನು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು, ಜಾಣ್ಮೆಯ ಆಟವೋ ಅದೃಷ್ಟದ ಆಟವೋ ಅನ್ನುವ ವಾದಕ್ಕೆ ಜಾಗ ಕೊಡದೆ. ಡ್ರೀಮ್ ಇಲೆವೆನ್ ಕೂಡ ದುಡ್ಡಿನ ಕಾಂಟೆಸ್ಟ್ ನಿಲ್ಲಿಸಿತು. ಎಫ್‌ಪಿಎಲ್‌ಗೆ ದುಡ್ಡು ಕಟ್ಟುವುದೇ ಇಲ್ಲ, ಆ ಚಿಂತೆ ಬೇಡ.

ಈಗ ಕಳೆದ ಆ ಒಂದು ಸ್ಟಾರ್. ಮೊದಲನೆಯದು ಗಡುವು. ವಾರದ ಮೊದಲ ಮ್ಯಾಚಿಗೆ ಒಂದೂವರೆ ಗಂಟೆ ಮುಂಚೆ ಬಾಗಿಲು ಮುಚ್ಚುತ್ತೆ. ಶನಿವಾರ ಅಲ್ಲಿ ಮಧ್ಯಾಹ್ನದ ಮ್ಯಾಚ್ ಇದ್ದರೆ ಚಳಿಗಾಲದಲ್ಲಿ ನಮಗೆ ಸಂಜೆ ನಾಲ್ಕೂವರೆ, ಪರವಾಗಿಲ್ಲ. ಶುಕ್ರವಾರ ರಾತ್ರಿ ಮ್ಯಾಚ್ ಇಟ್ಟರೆ ಗಡುವು ನಮಗೆ ಸರಿಯಾಗಿ ನಡುರಾತ್ರಿ ಹನ್ನೆರಡಕ್ಕೆ. ಬೆಳಗ್ಗೆ ಬೇಗ ಅಂಗಡಿ ತೆಗೆಯುವವರು ಏನು ಮಾಡಬೇಕು? ಎರಡನೆಯದು, ಎಲ್ಲಾ ಇಂಗ್ಲಿಷಿನಲ್ಲಿ. ವೈಲ್ಡ್‌ಕಾರ್ಡ್, ಫ್ರೀ ಹಿಟ್, ಬೆಂಚ್ ಬೂಸ್ಟ್, ಟ್ರಿಪಲ್ ಕ್ಯಾಪ್ಟನ್ ಅಂತ ವಿಶೇಷ ಅಸ್ತ್ರಗಳಿವೆ, 2025-26ರಿಂದ ಅರ್ಧ ಸೀಸನ್‌ಗೆ ಒಂದರಂತೆ ಎಲ್ಲವೂ ಎರಡೆರಡು. ಯಾವುದು ಯಾವಾಗ ಅಂತ ತಿಳಿಯೋಕೆ ಹೊಸಬರಿಗೆ ಯಾರಾದರೂ ಪಕ್ಕದಲ್ಲಿ ಕೂತು ಹೇಳಿಕೊಡಬೇಕು. ಮತ್ತೆ, ಆಟ ಪುಕ್ಕಟೆ ಆದರೂ ಮೊಬೈಲಿನಲ್ಲಿ ಮ್ಯಾಚ್ ನೋಡಲು ಜಿಯೋಹಾಟ್‌ಸ್ಟಾರ್‌ಗೆ ಚಂದಾ ಕಟ್ಟಲೇಬೇಕು. ಸಮಯ ತಿನ್ನುವ ಬಗ್ಗೆ ನಾನು ಹೇಳಲ್ಲ, ಮನೆಯವರು ಹೇಳುತ್ತಾರೆ.

ದೊಡ್ಡ ಕೊರತೆ ಬೇರೆ ಇದೆ. ಪ್ರೀಮಿಯರ್ ಲೀಗ್ ಮೇ ತಿಂಗಳಲ್ಲಿ ಮುಗಿಯುತ್ತೆ, ಅಲ್ಲಿಗೆ ಈ ಆಟವೂ ಬಂದ್. 2026ರ ವಿಶ್ವಕಪ್ ಜೂನ್ 11ರಿಂದ ಜುಲೈ 19ರ ತನಕ, ಅಮೆರಿಕ, ಕೆನಡಾ, ಮೆಕ್ಸಿಕೋದಲ್ಲಿ. 48 ತಂಡ, 104 ಪಂದ್ಯ. ನಮಗೆ ಹೆಚ್ಚಿನವು ನಡುರಾತ್ರಿಯಿಂದ ಬೆಳಗಿನ ತನಕ. ಅಂದರೆ ಜಿದ್ದು ಜಾಸ್ತಿ ಏರುವ ಹೊತ್ತಿಗೇ ಕೈಯಲ್ಲಿ ಎಫ್‌ಪಿಎಲ್ ಇರಲ್ಲ, ಐಡಿ ಕೊಡುವವರು ಬರುವುದೂ ಆ ಸಮಯಕ್ಕೇ. ನಮ್ಮ ಗುಂಪು ಇದಕ್ಕೆ ಮಂಡಿಪೇಟೆಯ ಅಂಗಡಿಯಲ್ಲಿ ಒಂದು ಉದ್ದನೆಯ ಲೆಕ್ಕದ ಪುಸ್ತಕ ಇಟ್ಟಿದೆ. ಮ್ಯಾಚಿಗೆ ಮುಂಚೆ ಎಲ್ಲರೂ ಸ್ಕೋರ್ ಬರೆದು ಸಹಿ ಹಾಕಬೇಕು. ಸ್ಕೋರ್ ಸರಿಯಾದರೆ 3 ಪಾಯಿಂಟ್, ಗೆದ್ದ ತಂಡ ಮಾತ್ರ ಸರಿಯಾದರೆ 1. ವಾರದ ಕೊನೆಗೆ ಕೆಳಗಿದ್ದವರು ಎಲ್ಲರಿಗೂ ಮಂಡಕ್ಕಿ ಮೆಣಸಿನಕಾಯಿ ಕೊಡಿಸಬೇಕು. 90 ನಿಮಿಷವೋ ಪೂರ್ತಿ ಆಟವೋ ಅನ್ನುವುದನ್ನು ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ ಬರೆದಿದೆ, ಯಾರ ಒತ್ತಾಯಕ್ಕೆ ಅಂತ ಹೇಳಬೇಕಿಲ್ಲ.

ಎಫ್‌ಪಿಎಲ್‌ಗೆ ಸೇರುವವರಿಗೆ ಎರಡು ಮಾತು. ಹೊಸ ಸೀಸನ್‌ನ ಆಟ ಸಾಮಾನ್ಯವಾಗಿ ಜುಲೈನಲ್ಲಿ ತೆರೆಯುತ್ತೆ. ಪ್ರೀಮಿಯರ್ ಲೀಗ್‌ನ ಸ್ವಂತ ಆ್ಯಪ್ ಅಥವಾ ವೆಬ್‌ಸೈಟಿನಲ್ಲಿ ಇಮೇಲ್ ಕೊಟ್ಟು ಖಾತೆ ಮಾಡಿಕೊಳ್ಳಿ, ಗೆಳೆಯರು ಕಳಿಸಿದ ಕೋಡ್ ಹಾಕಿದರೆ ಅವರ ಗುಂಪಿಗೆ ಸೇರಬಹುದು. ಪಾನ್, ಆಧಾರ್, ಯುಪಿಐ ಯಾವುದೂ ಬೇಕಿಲ್ಲ. ಅವನ್ನು ಕೇಳುವ ಲಿಂಕ್ ಬಂದಿದ್ದರೆ ಅದು ಈ ಆಟವೇ ಅಲ್ಲ, ಅಳಿಸಿ ಹಾಕಿ.