ಹಿಗ್ಗುವ ಕೇಬಲ್, ಜೋಲುವ ಕೇಬಲ್: ಯಾವ ಲೆಕ್ಕ ಎಲ್ಲಿಗೆ ಸಾಕು?

ಮೋಟಾರ್‌ಗಳು ಕೇಬಲ್‌ಗಳನ್ನು ಸುತ್ತಿ ಬಿಚ್ಚಿ ಪ್ಲಾಟ್‌ಫಾರ್ಮನ್ನು, ಅಂದರೆ ಭಾರ ಹೊರುವ ಹಲಗೆಯನ್ನು, ಸರಿಸುವ ಯಂತ್ರವೇ ಕೇಬಲ್ ರೋಬಾಟ್. ಅದರ ಲೆಕ್ಕದಲ್ಲಿ ಕೇಬಲನ್ನು ಮೂರು ಬಗೆಯಾಗಿ ಹಿಡಿಯಬಹುದು: ಹಿಗ್ಗದ ನೇರ ಗೆರೆ, ತೂಕವಿಲ್ಲದ ಸ್ಪ್ರಿಂಗ್, ಅಥವಾ ತನ್ನ ತೂಕಕ್ಕೆ ತಾನೇ ಜೋಲುವ ಹಗ್ಗ. ಮೂರನ್ನೂ ನಮ್ಮ ಲ್ಯಾಬಿನಲ್ಲಿ ಒಂದೇ ಚೌಕಟ್ಟಿನ ಮೇಲೆ ಓಡಿಸಿ ನೋಡಿದೆ. ನಿಂತ ಚೌಕಟ್ಟಿನ ಮೂಲೆಗೊಂದು ಮೋಟಾರ್ ಮತ್ತು ಡ್ರಮ್, 2 ಮಿಮೀ ಉಕ್ಕಿನ ವೈರ್ ರೋಪ್, ನಡುವೆ ಪ್ಲಾಟ್‌ಫಾರ್ಮ್. ಕೇಬಲ್ ಎಳೆಯುತ್ತದೆಯೇ ಹೊರತು ತಳ್ಳುವುದಿಲ್ಲ. ಹಾಗಾಗಿ ಪ್ಲಾಟ್‌ಫಾರ್ಮಿನ ಅಡ್ಡ ಚಲನೆ, ಮೇಲೆ-ಕೆಳಗಿನ ಚಲನೆ, ತಿರುಗು ಎಂಬ ಮೂರನ್ನು ಎಲ್ಲ ದಿಕ್ಕಿಗೂ ಬಿಗಿಯಾಗಿ ಹಿಡಿಯಲು ನಾಲ್ಕು ಕೇಬಲ್ ಬೇಕು.

ನೇರ ಗೆರೆಯ ಲೆಕ್ಕ ಬರೆಯಲು ಸುಲಭ, ಚೌಕಟ್ಟಿನ ನಡುವೆ ಚೆನ್ನಾಗಿಯೇ ನಡೆಯುತ್ತದೆ. ಭಾರ ಹೊತ್ತು ಮೂಲೆಗೆ ಹೋದಾಗ ಮಾತ್ರ ಪ್ಲಾಟ್‌ಫಾರ್ಮ್ ಲೆಕ್ಕಕ್ಕಿಂತ ಕೆಳಗೆ ನಿಲ್ಲುತ್ತದೆ.

ಹಾಗಾದರೆ ತಪ್ಪುತ್ತಿರುವುದು ಹಿಗ್ಗೋ, ಜೋಲೋ? ಅಂಕಿಗಳನ್ನು ಹಾಕಿ ನೋಡಿದರೆ ಉತ್ತರ ಸ್ಪಷ್ಟ. ಇಂಥ ರೋಪಿನಲ್ಲಿ ಉಕ್ಕಿನ ಅಡ್ಡಕೊಯ್ತ ಸುಮಾರು 1.7 ಚದರ ಮಿಮೀ. ಹೆಣೆದ ಹಗ್ಗವಾದ್ದರಿಂದ ಉಕ್ಕಿನ ಪೂರ್ತಿ 200 ಗಿಗಾಪ್ಯಾಸ್ಕಲ್ ಬಿಗಿತ ಸಿಗದು, 100ರ ಆಸುಪಾಸು ಹಿಡಿಯಬೇಕು. 3 ಮೀಟರ್ ಕೇಬಲಿನ ಎಳೆತ 100 ನ್ಯೂಟನ್ ಏರಿದರೆ ಅದು 1.8 ಮಿಮೀಯಷ್ಟು ಹಿಗ್ಗುತ್ತದೆ. ಇನ್ನು ಜೋಲು: ಮೀಟರಿಗೆ 16 ಗ್ರಾಂ ತೂಕ, ಅದೇ 100 ನ್ಯೂಟನ್ ಎಳೆತ, ಅಡ್ಡ ಕಟ್ಟಿದ ಕೇಬಲಿನ ನಡುವೆ ಜೋಲು ಕೂಡ 1.8 ಮಿಮೀ. ಕಣ್ಣಿಗೆ ಎರಡೂ ಸಮ. ಆದರೆ ಆ ಜೋಲಿನಿಂದ ಕೇಬಲಿನ ಉದ್ದದಲ್ಲಿ ಬರುವ ವ್ಯತ್ಯಾಸ ಮಿಲಿಮೀಟರಿನ ಸಾವಿರದಲ್ಲಿ ಮೂರು ಪಾಲು ಮಾತ್ರ! ಕೋಣೆಯೊಳಗಿನ ರೋಬಾಟಿಗೆ ಸ್ಪ್ರಿಂಗ್ ಲೆಕ್ಕವೇ ಸರಿ ಎಂದು ನಾನು ಗಟ್ಟಿಯಾಗಿ ಹೇಳುವುದು ಇದಕ್ಕೇ.

ಎಳೆತ 10 ನ್ಯೂಟನ್‌ಗೆ ಇಳಿದರೆ ಆ ವ್ಯತ್ಯಾಸ ನೂರು ಪಟ್ಟಾಗಿ 0.3 ಮಿಮೀ ಮುಟ್ಟುತ್ತದೆ. ಅದಕ್ಕೆ ಜೋಲಿನ ಸಮೀಕರಣ ತರುವುದಕ್ಕಿಂತ ಯಾವ ಕೇಬಲೂ ಸಡಿಲವಾಗದಂತೆ ಕನಿಷ್ಠ ಎಳೆತ ಕಾಯುವುದು ಮೇಲು. ಉದ್ದದ ಮಾತು ಬೇರೆ. ಈ ವ್ಯತ್ಯಾಸ ಉದ್ದದ ಘನಕ್ಕೆ ತಕ್ಕಂತೆ ಬೆಳೆಯುತ್ತದೆ. ಚೀನಾದ ಗುಯಿಝೌನಲ್ಲಿ 2016ರಲ್ಲಿ ಕಟ್ಟಿ ಮುಗಿಸಿದ 500 ಮೀಟರ್ ವ್ಯಾಸದ ಫಾಸ್ಟ್ ಎಂಬ ರೇಡಿಯೋ ದೂರದರ್ಶಕದಲ್ಲಿ ಸುಮಾರು 30 ಟನ್ನಿನ ಕ್ಯಾಬಿನ್ನನ್ನು ಆರು ಕೇಬಲ್‌ಗಳು ಹೊತ್ತಿವೆ. ಅಲ್ಲಿ ಜೋಲನ್ನು ಬಿಟ್ಟು ಲೆಕ್ಕ ಹಾಕುವಂತೆಯೇ ಇಲ್ಲ. ಅಷ್ಟಾದರೂ ಕೊನೆಯ ಸೂಕ್ಷ್ಮ ಹೊಂದಿಕೆಯನ್ನು ಕ್ಯಾಬಿನ್ ಒಳಗಿನ ಸ್ಟುವರ್ಟ್ ಪ್ಲಾಟ್‌ಫಾರ್ಮ್‌ಗೆ (ಉದ್ದ ಬದಲಿಸಬಲ್ಲ ಆರು ಕಾಲುಗಳ ಮೇಲೆ ನಿಂತ ಹಲಗೆಗೆ) ಬಿಟ್ಟಿದ್ದಾರೆ.

ನಿಯಂತ್ರಣದಲ್ಲಿ ಹೋಲಿಸಿದ್ದು ಮುಖ್ಯವಾಗಿ ಎರಡನ್ನು. ಮೊದಲನೆಯದು ಡ್ರಮ್ಮಿನ ಎನ್‌ಕೋಡರ್ (ಡ್ರಮ್ ಎಷ್ಟು ತಿರುಗಿತೆಂದು ಅಳೆಯುವ ಸೆನ್ಸರ್) ನೋಡಿ ನಡೆಯುವ ಸಾಮಾನ್ಯ ಪಿಡಿ ನಿಯಂತ್ರಣ: ಗುರಿಯಿಂದ ಎಷ್ಟು ತಪ್ಪಿದೆ, ಆ ತಪ್ಪು ಎಷ್ಟು ವೇಗದಲ್ಲಿ ಬದಲಾಗುತ್ತಿದೆ ಎಂಬ ಎರಡನ್ನು ನೋಡಿ ಮೋಟಾರನ್ನು ತಿದ್ದುವುದು. ಪ್ಲಾಟ್‌ಫಾರ್ಮ್ ಅಲುಗುತ್ತಿದೆಯೆಂದು ಗೇನ್, ಅಂದರೆ ಆ ತಿದ್ದುವಿಕೆಯ ಬಲ, ಏರಿಸುತ್ತಾ ಹೋದರೆ ಡ್ರಮ್ ಕಲ್ಲಿನಂತೆ ನಿಲ್ಲುತ್ತದೆ, ಅಲುಗಾಟ ನಿಲ್ಲುವುದಿಲ್ಲ. ಡ್ರಮ್ ಕದಲದಿದ್ದರೆ ಕೇಬಲಿನ ಕಂಪನವನ್ನು ಹೀರಿಕೊಳ್ಳುವವರೇ ಇಲ್ಲ. ಗೇನ್ ಸ್ವಲ್ಪ ಇಳಿಸಿದಾಗಲೇ ಪ್ಲಾಟ್‌ಫಾರ್ಮಿನ ಅಲುಗಾಟ ಬೇಗ ಅಡಗಿತು.

ಎರಡನೆಯದು ಇನ್‌ಪುಟ್ ಶೇಪಿಂಗ್, ಅಂದರೆ ಅಲುಗಾಟವೇ ಏಳದಂತೆ ಮೋಟಾರಿಗೆ ಕೊಡುವ ಆಜ್ಞೆಯನ್ನೇ ಮೊದಲು ತಿದ್ದುವುದು. 1957ರಲ್ಲಿ ಸ್ಮಿತ್ ಕೊಟ್ಟ ಪೋಸಿಕಾಸ್ಟ್ ವಿಧಾನದ ಬೇರಿನಿಂದ ಬಂದದ್ದು. ಎಂಐಟಿಯ ಸಿಂಗರ್ ಮತ್ತು ಸೀರಿಂಗ್ 1990ರಲ್ಲಿ ಅದಕ್ಕೆ ಗಟ್ಟಿ ರೂಪ ಕೊಟ್ಟರು. ಆಜ್ಞೆಯನ್ನು ಎರಡು ಪಾಲು ಮಾಡಿ, ಎರಡನೆಯದನ್ನು ಅರ್ಧ ಕಂಪನದಷ್ಟು ತಡವಾಗಿ ಕಳಿಸಿದರೆ ಒಂದರ ಅಲುಗಾಟವನ್ನು ಇನ್ನೊಂದು ಅಳಿಸುತ್ತದೆ. ಹೊಸ ಸೆನ್ಸರ್ ಬೇಡ. ತೊಡಕಿರುವುದು ಕಂಪನದ ಆವೃತ್ತಿಯಲ್ಲಿ (ಸೆಕೆಂಡಿಗೆ ಎಷ್ಟು ಸಲ ಅಲುಗುತ್ತದೆ ಎಂಬುದರಲ್ಲಿ): ಕೇಬಲಿನ ಉದ್ದ ಬದಲಾದರೆ ಅದರ ಬಿಗಿತ ಬದಲಾಗುತ್ತದೆ, ಆವೃತ್ತಿಯೂ ಸರಿಯುತ್ತದೆ. ನಡುವಿಗೆ ಹೊಂದಿಸಿದ ಶೇಪರ್ ಮೂಲೆಯಲ್ಲಿ ಅರ್ಧಂಬರ್ಧ ಕೆಲಸ ಮಾಡುತ್ತದೆ. ಮೂರು ಪಾಲಿನ ಶೇಪರ್ ಈ ತಪ್ಪನ್ನು ತಾಳಿಕೊಳ್ಳುತ್ತದೆ, ಪೂರ್ತಿ ಒಂದು ಕಂಪನದಷ್ಟು ತಡ ಮಾಡಿದರೂ. ನನ್ನ ಆಯ್ಕೆ ಅದೇ: ಸ್ಪ್ರಿಂಗ್ ಲೆಕ್ಕದಿಂದ ಉದ್ದ ತಿದ್ದಿ, ಜೊತೆಗೆ ಮೂರು ಪಾಲಿನ ಶೇಪರ್. ಎಳೆತ ಅಳೆಯುವ ಲೋಡ್ ಸೆಲ್ ಕನಿಷ್ಠ ಎಳೆತ ಕಾಯಲು ಮಾತ್ರ.

ಉಕ್ಕಿನ ಬದಲು ಡೈನೀಮಾ ಎಂಬ ಗಟ್ಟಿ ಪ್ಲಾಸ್ಟಿಕ್ ನಾರಿನ ಹಗ್ಗ ಕಟ್ಟಿಯೂ ನೋಡಿದೆ. ನೀರಿಗಿಂತ ಹಗುರ, ಸಣ್ಣ ರಾಟೆಯಲ್ಲೂ ಸಲೀಸಾಗಿ ಬಾಗುತ್ತದೆ. ಆದರೆ ಭಾರ ಹಾಗೇ ತೂಗುಬಿಟ್ಟರೆ ನಿಧಾನಕ್ಕೆ ಉದ್ದವಾಗುತ್ತಾ ಹೋಗುತ್ತದೆ, ಅಳತೆಯನ್ನು ಮತ್ತೆ ಮತ್ತೆ ಹೊಂದಿಸಬೇಕು. ಗಂಟು ಜಾರುವುದರಿಂದ ತುದಿಯನ್ನು ಸ್ಪ್ಲೈಸ್ ಮಾಡಲೇಬೇಕು, ಅಂದರೆ ಹಗ್ಗದೊಳಗೇ ಹೆಣೆದು ಸೇರಿಸಬೇಕು. ವೇಗದ ಕೆಲಸಕ್ಕೆ ಡೈನೀಮಾ, ದಿನಗಟ್ಟಲೆ ಒಂದೇ ಅಳತೆ ನಿಲ್ಲಬೇಕಾದಲ್ಲಿ ಉಕ್ಕು. ಯಾವುದನ್ನೇ ಕಟ್ಟಿದರೂ ಕಂಪನಿಯ ಪಟ್ಟಿಯ ಬಿಗಿತದ ಅಂಕಿಯನ್ನು ನೆಚ್ಚದೆ, ಮೊದಲು ಕೆಲವು ಸಲ ಎಳೆದು ಬಿಟ್ಟು, ತೂಕ ತೂಗುಹಾಕಿ ಹಿಗ್ಗನ್ನು ನೀವೇ ಅಳೆಯಿರಿ.