ರೋಮನ್ ಕತ್ತಿಯ ಪ್ರತಿಕೃತಿ ಕೊಳ್ಳುವ ಮುಂಚೆ ಹಿಡಿಯೊಳಗೆ ಏನಿದೆ ಅಂತ ಕೇಳಿ

ನಾವಿರುವುದು ಜರ್ಮನಿಯ ಮೈನ್ಸ್ ಹತ್ತಿರ. ರೋಮನ್ ಸೇನೆ ಇಲ್ಲಿ ದೊಡ್ಡ ಪಾಳೆಯ ಹಾಕಿತ್ತು. ಆಗ ಊರಿನ ಹೆಸರು ಮೊಗೊಂಟಿಯಾಕುಮ್. 1848ರಲ್ಲಿ ಇಲ್ಲಿ ಸಿಕ್ಕ ಒಂದು ಕತ್ತಿ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ರೋಮನ್ ಚಕ್ರವರ್ತಿಯ ಹೆಸರಿನಲ್ಲಿ ಅದನ್ನು ಟೈಬೀರಿಯಸ್ ಕತ್ತಿ ಅಂತ ಕರೆಯುತ್ತಾರೆ. ರಜೆಯಲ್ಲಿ ಅದನ್ನು ನೋಡಿ ಬಂದ ಮೇಲೆ ಮಗನಿಗೆ ಅದೇ ಧ್ಯಾನ. ಅವನ ಹುಟ್ಟುಹಬ್ಬಕ್ಕೆ ಅಂಥದೇ ಒಂದು ಪ್ರತಿಕೃತಿ ತರಿಸಿ ಗೋಡೆಗೆ ಹಾಕೋಣ ಅಂದುಕೊಂಡೆ.

ಆನ್‌ಲೈನ್ ಅಂಗಡಿಯೊಂದರಲ್ಲಿ ಸಿಕ್ಕಿತು. ಕೈಯಲ್ಲಿ ಬಡಿದು ಮಾಡಿದ್ದು, ಹೈ ಕಾರ್ಬನ್ ಸ್ಟೀಲ್, ಮೈನ್ಸ್ ಮಾದರಿ ಅಂತ ಬರೆದಿದ್ದರು. 240 ಯೂರೋ. ಒರೆಯ ಮೇಲೆ ಮಗನ ಹೆಸರು ಕೆತ್ತಲು ಇನ್ನೂ 25. ಬ್ಯಾಂಕಿನಿಂದ ನೇರವಾಗಿ ಕಳಿಸಿದರೆ ಸ್ವಲ್ಪ ಕಡಿಮೆ ಮಾಡ್ತೀವಿ ಅಂದರು. ಹಾಗೇ ಕಳಿಸಿದೆ.

ಪೆಟ್ಟಿಗೆ ಬಿಚ್ಚಿದಾಗಲೇ ಏನೋ ಸರಿಯಿಲ್ಲ ಅನಿಸಿತು. ಮೈನ್ಸ್ ಮಾದರಿಯ ಅಲಗು ಹಿಡಿಯ ಹತ್ತಿರ ಅಗಲ, ನಡುವೆ ಸೊಂಟದ ಹಾಗೆ ಸಣ್ಣಗಾಗಿ, ಆಮೇಲೆ ಉದ್ದನೆಯ ಮೊನೆ. ನನಗೆ ಬಂದಿದ್ದು ಎರಡೂ ಅಂಚು ನೇರ, ಮೊನೆ ಗಿಡ್ಡ. ಅದು ಪಾಂಪೆ ಅನ್ನುವ, ರೋಮನ್ ಕತ್ತಿಯ ಇನ್ನೊಂದು ಮಾದರಿ. ಸರಿ, ಅದಾದರೂ ಆಗಲಿ ಅಂದರೆ, ಪಾಂಪೆ ಕತ್ತಿಗಳ ಅಲಗು ಸುಮಾರು 45ರಿಂದ 50 ಸೆಂಟಿಮೀಟರ್. ಇದು 70! ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ ಹತ್ತಿರ ಹತ್ತಿರ 2 ಕೆಜಿ. ಇಡೀ ದಿನ ನಡೆಯುವ ಸೈನಿಕ ಇಷ್ಟು ಭಾರ ಹೊರುತ್ತಿದ್ದನಾ? ನಿಜವಾದವು ಹೆಚ್ಚುಕಡಿಮೆ ಒಂದು ಕೆಜಿ ಒಳಗೇ ಇರುತ್ತಿದ್ದವು. ಅಲಗು ಸ್ಟೀಲ್ ತಟ್ಟೆ ಥರ ಫಳಫಳ ಹೊಳೆಯುತ್ತಿತ್ತು, ಸ್ಟೇನ್‌ಲೆಸ್ ಇರಬೇಕು ಅನಿಸಿತು. ಅಂಗಡಿಗೆ ಬರೆದೆ. ಹೆಸರು ಕೆತ್ತಿಸಿದ್ದೀರಿ, ವಾಪಸ್ ತಗೊಳ್ಳಲ್ಲ ಅಂದರು. ಸುಮ್ಮನಾದೆ. ಸುಮ್ಮನಾಗಬಾರದಿತ್ತು.

ಆಯುಧ ಪೂಜೆಯ ದಿನ ಅದನ್ನೂ ಇಟ್ಟು ಕುಂಕುಮ ಹಚ್ಚಿದೆವು. ಪೂಜೆ ಮುಗಿದ ಮೇಲೆ ಭಾವ ಫೋಟೋಕ್ಕೆ ಅಂತ ಕೈಗೆ ತಗೊಂಡು ಒಮ್ಮೆ ಮೆಲ್ಲಗೆ ಬೀಸಿದರು. ಹಿಡಿ ಕೈಯಲ್ಲೇ ಉಳಿಯಿತು. ಅಲಗು ಹಾರಿ ಹೋಗಿ ಸೋಫಾದ ಮೂಲೆಗೆ ಬಿತ್ತು, ಬಟ್ಟೆ ಗೇಣುದ್ದ ಹರಿಯಿತು. ಮಗ ಅದೇ ಮೂಲೆಯಲ್ಲಿ ಕೂತಿದ್ದ. ಕೋಸಂಬರಿ ಬೇಕು ಅಂತ ಆಗಷ್ಟೇ ಎದ್ದು ಒಳಗೆ ಹೋಗಿದ್ದ. ಇದನ್ನು ಬರೆಯುವಾಗಲೂ ನನ್ನ ಎದೆ ಹೊಡೆದುಕೊಳ್ಳುತ್ತದೆ.

ಹಿಡಿಯೊಳಗೆ ನೋಡಿದೆ. ಅಲಗು ಹಿಡಿಯ ಬಾಯಲ್ಲೇ ಮುಗಿದಿತ್ತು. ಅದರ ತುದಿಗೆ ಪೆನ್ಸಿಲ್‌ಗಿಂತ ಸಣ್ಣ ಕಂಬಿಯೊಂದನ್ನು ವೆಲ್ಡ್ ಮಾಡಿ, ಹಿಡಿಯ ಹಿಂತುದಿಯಲ್ಲಿರುವ ಗುಂಡು ಭಾಗಕ್ಕೆ ನಟ್ ಹಾಕಿ ಬಿಗಿದಿದ್ದರು. ವೆಲ್ಡಿಂಗ್ ಜಾಗದಲ್ಲೇ ಮುರಿದಿತ್ತು. ಒಳಗಡೆ ಬರೀ ಅಂಟು. ನಮ್ಮೂರ ಕುಲುಮೆಯಲ್ಲಿ ಮಚ್ಚಿಗೆ ಹಿಡಿ ಹಾಕೋದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಅಲಗಿನದೇ ಕಬ್ಬಿಣ ಬಾಲದ ಹಾಗೆ ಹಿಡಿಯೊಳಗೆ ಇಳಿಯುತ್ತದೆ, ಬೇರೆ ತುಂಡು ಜೋಡಿಸುವುದಿಲ್ಲ. ರೋಮನ್ ಕತ್ತಿಯೂ ಹಾಗೇ. ಬಾಲ ಹಿಡಿಯನ್ನು ದಾಟಿ ಆ ಗುಂಡು ಭಾಗದ ಆಚೆ ಬರುತ್ತದೆ, ಅಲ್ಲಿ ಅದನ್ನು ತಟ್ಟಿ ಮಡಿಸುತ್ತಾರೆ.

ಹಾಗಾಗಿ ದುಡ್ಡು ಕಳಿಸುವ ಮುಂಚೆ ಹಿಡಿ ಹಾಕದ ಬರೀ ಅಲಗಿನ ಫೋಟೋ ಕೇಳಿ. ತೂಕ ಎಷ್ಟು, ಅಲಗಿನ ಉದ್ದ ಎಷ್ಟು, ಯಾವ ಸ್ಟೀಲ್ ಅಂತ ಬರಹದಲ್ಲೇ ತಗೊಳ್ಳಿ. ಸ್ಟೇನ್‌ಲೆಸ್ ಅಂದರೆ ಅದು ಗೋಡೆಗೆ ಮಾತ್ರ, ಯಾರೂ ಬೀಸುವಂತಿಲ್ಲ. ಒಳ್ಳೆಯ ಕೆಲಸದವರು ಇಲ್ಲ ಅಂತಲ್ಲ. ನಮ್ಮ ಡೆಹ್ರಾಡೂನ್‌ನಲ್ಲೇ ಎಷ್ಟೋ ವರ್ಷಗಳಿಂದ ಹಳೆಯ ಕತ್ತಿಗಳ ಪ್ರತಿಕೃತಿ ಮಾಡಿ ಹೊರದೇಶಕ್ಕೆ ಕಳಿಸುತ್ತಿದ್ದಾರೆ.

ಹೆಸರು ಕೆತ್ತಿಸುವ ವಿಷಯ ಯುರೋಪಿಯನ್ ಒಕ್ಕೂಟದಲ್ಲಿರುವವರಿಗೆ ತುಂಬಾ ಮುಖ್ಯ. ಆನ್‌ಲೈನ್‌ನಲ್ಲಿ ಕೊಂಡದ್ದನ್ನು 14 ದಿನದೊಳಗೆ ಕಾರಣ ಹೇಳದೆ ವಾಪಸ್ ಕೊಡಬಹುದು. ಆದರೆ ಹೆಸರು ಹಾಕಿಸಿದ ವಸ್ತುವಿಗೆ ಆ ಹಕ್ಕು ಇಲ್ಲ. ಹಾಗಂತ ಮಾಲೇ ಕೆಟ್ಟದ್ದಾಗಿದ್ದರೆ ಅಂಗಡಿಯವರು ಕೈತೊಳೆದುಕೊಳ್ಳುವಂತಿಲ್ಲ, 2 ವರ್ಷ ಅವರೇ ಹೊಣೆ. ಇದನ್ನು ಗ್ರಾಹಕ ಸಲಹಾ ಕೇಂದ್ರದಲ್ಲಿ ತಿಳಿದುಕೊಂಡು ಪತ್ರ ಬರೆದೆ. ಪತ್ರ ವಾಪಸ್ ಬಂತು. ಆ ವಿಳಾಸದಲ್ಲಿ ಯಾರೂ ಇಲ್ಲ. ಕಾರ್ಡ್‌ನಲ್ಲಿ ಕೊಟ್ಟಿದ್ದರೆ ಬ್ಯಾಂಕಿನವರನ್ನಾದರೂ ಕೇಳಬಹುದಿತ್ತು.

ಭಾರತದಲ್ಲಿರುವವರು ಇನ್ನೊಂದು ವಿಷಯ ನೋಡಿಕೊಳ್ಳಿ. 1959ರ ಆಯುಧ ಕಾಯ್ದೆಯ ಕೆಳಗೆ ಬಂದಿರುವ 2016ರ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಹರಿತ ಅಲಗಿನ ಮಾತಿದೆ. ಸರ್ಕಾರ ಸೂಚಿಸಿದ ಜಾಗಗಳಲ್ಲಿ ಅದಕ್ಕೆ ಲೈಸೆನ್ಸ್ ಬೇಕು. ತರಿಸುವ ಮುಂಚೆ ಠಾಣೆಯಲ್ಲಿ ಒಂದು ಮಾತು ಕೇಳಿ.

ಆ ಅಂಗಡಿ ಈಗ ಮುಚ್ಚಿದೆ. ಆದರೆ ಹೋದ ವಾರ ಅದೇ ಫೋಟೋಗಳು ಬೇರೆ ಹೆಸರಿನ ಅಂಗಡಿಯಲ್ಲಿ ಕಂಡವು. ಕೆಂಪು ಬಟ್ಟೆಯ ಮೇಲೆ ಕತ್ತಿ, ಪಕ್ಕದಲ್ಲಿ ಸಿಂಹದ ತಲೆಯ ಒರೆ, ಕೆಳಗೆ ಹೆಸರು ಕೆತ್ತಿಕೊಡುತ್ತೇವೆ ಅನ್ನುವ ಸಾಲು. ಕಂಡರೆ ದಯವಿಟ್ಟು ದುಡ್ಡು ಕಳಿಸಬೇಡಿ.