ಪ್ರಾಚೀನ ಸಿಂಪಿ ಚಿಪ್ಪು: ಅಳೆಯಬೇಕೇ, ಸೀಳಬೇಕೇ?

ಪ್ರಾಚೀನ ಚಿಪ್ಪಿನ ದಿಬ್ಬಗಳಲ್ಲಿ (ಹಿಂದಿನ ಜನರು ತಿಂದು ಎಸೆದ ಚಿಪ್ಪುಗಳ ರಾಶಿಗಳಲ್ಲಿ) ಸಿಕ್ಕ ಆಯ್ಸ್ಟರ್ ಸಿಂಪಿಗಳನ್ನು ಅಭ್ಯಸಿಸಲು ಹೊರಟವರ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ: ಗಾತ್ರದ ಅಳತೆ ಮತ್ತು ಆಮ್ಲಜನಕದ ಐಸೋಟೋಪ್ (ಒಂದೇ ಮೂಲವಸ್ತುವಿನ, ತೂಕ ಬೇರೆಯಾದ ಪರಮಾಣುಗಳ) ವಿಶ್ಲೇಷಣೆ.

ಅಳತೆಗೆ ಕ್ಯಾಲಿಪರ್ ಎಂಬ ಸರಳ ಅಳತೆ ಉಪಕರಣ ಸಾಕು. ಅಗ್ಗದ ಕೆಲಸವಾದ್ದರಿಂದ ನೂರಾರು ಚಿಪ್ಪುಗಳನ್ನು ನೋಡಬಹುದು. ದಿಬ್ಬದ ಕೆಳಗಿನ ಪದರದಿಂದ ಮೇಲಿನ ಪದರಕ್ಕೆ ಚಿಪ್ಪಿನ ಸರಾಸರಿ ಎತ್ತರ ಕುಗ್ಗುತ್ತ ಬಂದಿದ್ದರೆ ಅತಿಯಾದ ಸಂಗ್ರಹಣೆಯ ಶಂಕೆ ಮೂಡುತ್ತದೆ. ಆದರೆ ನೀರಿನ ಲವಣಾಂಶ ಬದಲಾಗಿ ಬೆಳವಣಿಗೆ ನಿಧಾನವಾದರೂ ಚಿಪ್ಪು ಚಿಕ್ಕದಾಗಿಯೇ ಉಳಿಯುತ್ತದೆ ಎಂಬುದು ಉತ್ಸಾಹದಲ್ಲಿ ಮರೆತುಹೋಗುವ ಸಂಗತಿ. ಆದ್ದರಿಂದ ಕೀಲಿನ (ಎರಡು ಚಿಪ್ಪುಗಳು ಸೇರುವ ಜಾಗದ) ಬೆಳವಣಿಗೆಯ ಗೆರೆಗಳಿಂದ ವಯಸ್ಸನ್ನೂ ಎಣಿಸದ ಅಳತೆಯನ್ನು ನಾನು ಅರ್ಧ ಸಾಕ್ಷ್ಯವೆಂದೇ ಭಾವಿಸುತ್ತೇನೆ.

ಐಸೋಟೋಪ್ ವಿಧಾನದಲ್ಲಿ ಕೀಲಿನ ಭಾಗವನ್ನು ಸೀಳಿ, ಬೆಳವಣಿಗೆಯ ಕ್ರಮದಲ್ಲೇ ಸೂಕ್ಷ್ಮ ಡ್ರಿಲ್‌ನಿಂದ ಚಿಟಿಕೆಗಿಂತಲೂ ಕಡಿಮೆ ಪುಡಿಯನ್ನು ಮತ್ತೆ ಮತ್ತೆ ಕೊರೆದು ತೆಗೆಯಬೇಕು. ನೀರು ತಣ್ಣಗಾದಷ್ಟೂ ಚಿಪ್ಪಿನಲ್ಲಿ ಆಮ್ಲಜನಕದ ಭಾರವಾದ ಐಸೋಟೋಪ್ ಆದ ಆಮ್ಲಜನಕ-18ರ ಪ್ರಮಾಣ ಏರುವುದರಿಂದ, ಅಂಚಿನ ಕೊನೆಯ ಪುಡಿಯು ಸಿಂಪಿಯನ್ನು ಕಿತ್ತ ಋತುವನ್ನೇ ತಿಳಿಸಬಲ್ಲದು. ನದೀಮುಖಗಳಲ್ಲಿ ಮಾತ್ರ ಎಚ್ಚರ ಬೇಕು: ಸಿಹಿನೀರು ಬೆರೆತಾಗ ಆ ಪ್ರಮಾಣ ಇಳಿದು, ನೀರು ಬೆಚ್ಚಗಾದಂತೆಯೇ ತೋರುತ್ತದೆ. ಖರ್ಚೂ ಹೆಚ್ಚು.

ಸಂಗ್ರಹಣೆಯ ಒತ್ತಡವೇ ಪ್ರಶ್ನೆಯಾಗಿದ್ದರೆ ಅಳತೆಯಿಂದ ಆರಂಭಿಸುವುದು ಲೇಸು; ಋತು ತಿಳಿಯಬೇಕಿದ್ದರೆ, ಅಂಚು ಮುರಿಯದ ಕೆಲವೇ ಚಿಪ್ಪುಗಳನ್ನು ಆರಿಸಿ ಸೀಳಬೇಕು.